ಊಟದ ಕೋಣೆ ಮುಗಿಯುವವರೆಗೆ

ಫೆಬ್ರವರಿ ೧೧, ಭಾನುವಾರ. ಮಧ್ಯಾಹ್ನ

ಮತ್ತೆ ಸದ್ದು. ಟೈಲ್ಸ್ ಕೀಳುತ್ತಿದ್ದಾರೆ. ಸ್ವತಃ. ವಾರವಿಡೀ ವಿಮೆ ಆಫೀಸಿನಲ್ಲಿ ಸೀಲು ಒತ್ತುವ ನನ್ನ ಗಂಡ ಇವತ್ತಿನಿಂದ ಮೇಸ್ತ್ರಿ. ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತ ವಿದ್ಯೆ. ಊಟದ ಕೋಣೆಯನ್ನು ಪೂರ್ತಿ ಹೊಸದು ಮಾಡುತ್ತಾರಂತೆ, ‘ಹಂತ ಹಂತವಾಗಿ’. ಎರಡು ಸಾಲು ಕಿತ್ತು, ಸೊಂಟ ಹಿಡಿದುಕೊಂಡು ಟೀ ಕೇಳಿದರು.

ಪಾತ್ರೆಗಳ ಮೇಲೆ ಧೂಳು. ಪುಟ್ಟಿಯ ಹಾಲಿನ ಬಾಟಲಿ ಮೇಲೆ ಧೂಳು. ರೇಗಿತು.

“ಈ ರೂಮು ಮುಗಿಯೋವರೆಗೂ ನಾನು ಇಲ್ಲಿ ಕೂತು ಊಟ ಮಾಡಲ್ಲ. ನೋಡ್ತಾ ಇರಿ.”

“ಎರಡೇ ಭಾನುವಾರ ಕಣೇ!”

ಅತ್ತೆ ಮಗನ ಬೆನ್ನು ಸವರಿದರು. “ಪಾಪ, ಎಷ್ಟು ಕಷ್ಟಪಡ್ತಾನೆ.” ಕಷ್ಟವಂತೆ. ಎರಡು ಸಾಲು!

ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಉಂಡೆ, ಪುಟ್ಟಿಯನ್ನು ಕಂಕುಳಲ್ಲಿ ಎತ್ತಿಕೊಂಡು. ಚೆನ್ನಾಗಿಯೇ ಇತ್ತು. ಯಾರ ಮುಖವನ್ನೂ ನೋಡಬೇಕಿಲ್ಲ.

ಮಾರ್ಚ್ ೩

ಎರಡು ಭಾನುವಾರ ಬಂತು, ಹೋಯಿತು. ಅರ್ಧ ನೆಲ ಟೈಲ್ಸ್, ಅರ್ಧ ನೆಲ ಮಣ್ಣು. ಗುಳ್ಳೆ ಇರುವ ಕೋಲೊಂದನ್ನು ತಂದಿದ್ದಾರೆ. ಗುಳ್ಳೆ ಮಧ್ಯಕ್ಕೆ ಬಂದರೆ ನೆಲ ಮಟ್ಟವಾಗಿದೆ ಎಂದರ್ಥ. ಬಂದ ಕೂಡಲೇ ಮನೆಮಂದಿಯನ್ನೆಲ್ಲ ಕರೆದು ತೋರಿಸುತ್ತಾರೆ. ಮಕ್ಕಳು ಹುಟ್ಟಿದಾಗಲೂ ಈ ಮನುಷ್ಯ ಇಷ್ಟು ಸಂಭ್ರಮಪಟ್ಟಿರಲಿಲ್ಲ.

ಮಗ ಮಣ್ಣಿನ ಕಡೆ ಗೋಲಿ ಆಡುತ್ತಾನೆ. ಕೋಣೆಯಿಂದ ಉಪಯೋಗ ಆದದ್ದು ಅವನೊಬ್ಬನಿಗೇ.

ಜುಲೈ ೨೮

ನೆಲ ಮುಗಿಯಿತು. ಅಂದರೆ ನಡೆದರೆ ಎಡವುವಷ್ಟು ಮುಗಿಯಿತು. ಈಗ ಸೀಲಿಂಗ್. ಮಧ್ಯದಲ್ಲಿದ್ದ ಟೇಬಲ್ ಗೋಡೆಗೆ ಹೋಗಿ ಒತ್ತಿಕೊಂಡಿದೆ. ಏಣಿಗೆ ಬದಲು ನನ್ನ ಕುರ್ಚಿ.

“ನಂದೇ ಬೇಕಿತ್ತಾ?”

“ನೀನು ಹೇಗೂ ಕೂರಲ್ಲವಲ್ಲ.”

ಸರಿಯಾದ ಮಾತು. ಕುರ್ಚಿಯ ಮೇಲೆ ಚಪ್ಪಲಿ ಕಾಲಲ್ಲಿ ಹತ್ತಿದರು. ಸುಣ್ಣ ತಲೆಗೆ, ಮೂಗಿಗೆ, ಎಲ್ಲಕ್ಕೂ ಬಿತ್ತು, ಸೀಲಿಂಗೊಂದನ್ನು ಬಿಟ್ಟು.

ಜನವರಿ ೧೯

ಹೊಸ ಡೈರಿ. ಅದೇ ಕೋಣೆ.

ವರ್ಷಕ್ಕೆ ಒಂದೂವರೆ ಗೋಡೆ ಆಗಿದೆ. ಬಿಳಿ ಬಣ್ಣವಂತೆ. ಒಂದು ಗೋಡೆ ಹಾಲಿನ ಬಿಳಿ, ಅರ್ಧ ಗೋಡೆ ಹಲ್ಲಿನ ಬಿಳಿ. ಪೂರ್ತಿ ಕೋಣೆಗೆ ಆಗುವಷ್ಟು ಒಂದೇ ಸಲ ಬಣ್ಣ ತರಬೇಕೆಂಬ ಬುದ್ಧಿ ಯಾವ ವಿಡಿಯೋದಲ್ಲೂ ಹೇಳಿಲ್ಲವೋ ಏನೋ. ಕೇಳಿದರೆ, “ಲೈಟ್ ಬಿದ್ರೆ ಒಂದೇ ಥರ ಕಾಣತ್ತೆ.” ಬೀಳಲಿ, ಮೊದಲು ಲೈಟ್ ಹಾಕಿ. ವೈರು ಇನ್ನೂ ನೇತಾಡುತ್ತಿದೆ.

ನನ್ನ ಕುರ್ಚಿಯ ಕಾಲು ಮುರಿಯಿತು. ತಾರಸಿಗೆ ಎಸೆದರು.

ಆಗಸ್ಟ್ ೨೪

ಗಂಡನ ಆಫೀಸಿನವರು ಬಂದಿದ್ದರು. ಕೋಣೆ ತೋರಿಸಿದರು. ಮೂರು ಬಗೆಯ ಬಿಳಿಯನ್ನೂ ಬಿಡದೆ ತೋರಿಸಿದರು. “ಫ್ಯಾಮಿಲಿ ಎಲ್ಲಾ ಒಟ್ಟಿಗೆ ಕೂತು ಊಟ ಮಾಡಬೇಕು ಸಾರ್, ಅದಕ್ಕೇ ಇಷ್ಟೆಲ್ಲ” ಅಂದದ್ದು ಅಡುಗೆಮನೆಗೆ ಕೇಳಿಸಿತು. ಕೈಯಲ್ಲಿದ್ದ ತಟ್ಟೆಯನ್ನೇ ನೋಡಿ ನಕ್ಕೆ. ನಿಂತು ನಗುವುದೂ ಈಗ ರೂಢಿ.

ಇನ್ನೊಂದು. ನಾನು ಕೆಲಸ ಮಾಡುವ ಔಷಧಿ ಅಂಗಡಿಗೆ ಬರುವ ಡಾಕ್ಟರ್ ನನ್ನ ಕಾಲು ನೋಡಿದರು. ನರ ಉಬ್ಬಿದೆ. “ಇಡೀ ದಿನ ಕೌಂಟರ್ ಹಿಂದೆ ನಿಂತಿರ್ತೀರ. ಮನೇಲಾದ್ರೂ ಕೂತ್ಕೊಳ್ಳಿ” ಅಂದರು. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಇವರು ‘ಹಾಗಾದ್ರೆ ಬಾ, ಕೂತ್ಕೋ’ ಎಂದು ಗೆದ್ದವರ ಹಾಗೆ ಹಲ್ಲು ಕಿರಿಯುತ್ತಾರೆ. ಅದಕ್ಕಿಂತ ನರವೇ ವಾಸಿ.

ಏಪ್ರಿಲ್ ೫

ಎಷ್ಟೋ ತಿಂಗಳು ಬರೆದಿಲ್ಲ. ಏನು ಬರೆಯುವುದು — ಮೂರನೇ ಗೋಡೆ ಎಂದೇ?

ಇವತ್ತು ಪುಟ್ಟಿ ಮನೆಯಾಟ ಆಡುತ್ತಿದ್ದಳು. ಶೂ ಡಬ್ಬಿ ಬೋರಲು ಹಾಕಿದ್ದಳು, ಅದೇ ಟೇಬಲ್. ಸುತ್ತ ನಾಲ್ಕು ಗೊಂಬೆ ಕೂತಿದ್ದವು. ಐದನೆಯದನ್ನು ಬೀರುವಿಗೆ ಒರಗಿಸಿ ನಿಲ್ಲಿಸಿದ್ದಳು. ಅದು ಜಾರಿ ಬೀಳುತ್ತಿತ್ತು. ಇವಳು ಎತ್ತಿ ನಿಲ್ಲಿಸುತ್ತಿದ್ದಳು.

“ಪಾಪ, ಅದನ್ನೂ ಕೂರಿಸೇ.”

“ಅದು ಅಮ್ಮ.”

“ಅಮ್ಮ ಆದ್ರೇನು?”

ನಾನೇನೋ ದಡ್ಡ ಪ್ರಶ್ನೆ ಕೇಳಿದೆ ಎನ್ನುವ ಹಾಗೆ ನೋಡಿದಳು. “ಅಮ್ಮಂದಿರು ಕೂರಲ್ಲ.”

ಗೊಂಬೆ ಮತ್ತೆ ಬಿತ್ತು. ಮತ್ತೆ ನಿಲ್ಲಿಸಿದಳು.

ಇವಳಿಗೆ ನನ್ನ ಹಟ ಗೊತ್ತಿಲ್ಲ. ಆಗ ಕಂಕುಳ ಕೂಸು. ಇವಳು ಕಣ್ಣಾರೆ ಕಂಡದ್ದು ಇಷ್ಟೇ. ನಾಳೆ ದೊಡ್ಡವಳಾಗಿ ಇವಳೂ ಯಾವುದೋ ಕಟ್ಟೆಗೆ ಒರಗಿ ನಿಂತು ನುಂಗುತ್ತಾಳೆ, ಯಾಕೆಂದು ಕೇಳಿಕೊಳ್ಳದೆ. ಅದು ಆಗಬಾರದು. ಕೋಣೆ ಬೇಗ ಮುಗಿಯಬೇಕು.

ಏಪ್ರಿಲ್ ೧೨

ಉಳಿದ ಗೋಡೆಗೆ ನಾನೇ ಬ್ರಷ್ ಹಿಡಿದೆ. ಒಂದೇ ದಿನ. ಒಂದೇ ಬಿಳಿ. ಗಂಡ ಹಿಂದೆ ನಿಂತು “ಮೇಲಿಂದ ಕೆಳಕ್ಕೆ ಹಚ್ಚಬೇಕು, ವಿಡಿಯೋದಲ್ಲಿ…” ಎಂದು ಶುರು ಮಾಡಿದರು. ತಿರುಗಿ ನೋಡಿದೆ. ವಿಡಿಯೋ ಅಲ್ಲಿಗೇ ನಿಂತಿತು.

ಟೇಬಲ್ಲೂ ತಾವೇ ಮಾಡುವ ಯೋಚನೆಯಲ್ಲಿದ್ದರು. ಖಂಡಿತ ಬೇಡ ಅಂದೆ. ಬಡಗಿಗೆ ಹೇಳಿ, ಟೇಬಲ್, ಕುರ್ಚಿ ಎಲ್ಲ ಹೊಸದು. ಮುಖ ಸಣ್ಣ ಮಾಡಿಕೊಂಡು ಒಪ್ಪಿದರು. ಅಳತೆ ಮಾತ್ರ ತಾವೇ ಕೊಡುತ್ತಾರಂತೆ. ಕೊಡಲಿ. ಗುಳ್ಳೆ ಕೋಲಿಗೂ ಒಂದು ಕೆಲಸ ಬೇಕಲ್ಲ.

ಜೂನ್ ೧೩, ಶನಿವಾರ

ಬಡಗಿ ಬಂದ. ಟೇಬಲ್ ಚೆನ್ನಾಗಿದೆ — ಒಪ್ಪಬೇಕಾದ್ದೇ. ಮೇಲೆ ಲೈಟೂ ಉರಿಯುತ್ತಿದೆ. ಕುರ್ಚಿ ಒಂದೊಂದಾಗಿ ಇಳಿಸಿದ. ನಾಲ್ಕು ಇಳಿಸಿ ಟೆಂಪೋ ಬಾಗಿಲು ಹಾಕಿದ.

“ಇನ್ನೊಂದೆಲ್ಲಪ್ಪ?”

“ಅಷ್ಟೇ ಮೇಡಂ. ಎಷ್ಟು ಜನ ಕೂತು ಊಟ ಮಾಡ್ತೀರ ಅಂತ ಕೇಳ್ದೆ. ಸಾರ್ ನಾಲ್ಕು ಅಂದ್ರು.”

ಗಂಡನ ಕಡೆ ತಿರುಗಿದೆ. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖದಲ್ಲಿ ಕಳ್ಳತನವೇ ಇಲ್ಲ. ಬೆರಳು ಮಡಿಸುತ್ತಿದ್ದರು. “ಅಮ್ಮ, ನಾನು, ಮಗ, ಪುಟ್ಟಿ…” ನಿಂತರು. ಇನ್ನೊಮ್ಮೆ ಮೊದಲಿನಿಂದ ಮಡಿಸಿದರು. ಮತ್ತೆ ನಾಲ್ಕೇ ಬಂತು. ಆಮೇಲೆ ನನ್ನನ್ನು ನೋಡಿದರು. ಮುಖ ಬಿಳುಚಿತು, ಯಾವ ಗೋಡೆಯ ಬಿಳಿ ಎಂದು ಹೇಳಲಾರೆ.

ಬೇಕೆಂದೇ ಬಿಟ್ಟಿದ್ದರೆ ರಂಪ ಮಾಡಬಹುದಿತ್ತು. ಇದು ಹಾಗಲ್ಲ. ಕೂತು ಉಣ್ಣುವವರನ್ನು ಪ್ರಾಮಾಣಿಕವಾಗಿ ಎಣಿಸಿದ್ದಾರೆ. ಅತ್ತೆಯೂ ಎಣಿಸಿದರು, ಅವರಿಗೂ ತಪ್ಪು ಕಾಣಲಿಲ್ಲ. “ನಾಲ್ಕು ಸಾಕಲ್ಲ” ಅಂದರು.

ತುಂಬ ನೋವಾಯಿತು. ಬರೆದೇಬಿಡುತ್ತೇನೆ, ಇಲ್ಲಿ ಯಾರು ನೋಡುತ್ತಾರೆ. ಇವರನ್ನು ಆಡಿಕೊಂಡು ನಗುತ್ತ ಇಷ್ಟು ವರ್ಷ ಕಳೆದೆ. ಅಷ್ಟರಲ್ಲಿ ಮನೆ ನಾನಿಲ್ಲದೆ ಉಣ್ಣುವುದನ್ನು ಕಲಿತುಬಿಟ್ಟಿದೆ.

ಜೂನ್ ೧೪, ಭಾನುವಾರ. ಮಧ್ಯಾಹ್ನ

ಎಲ್ಲರಿಗೂ ಬಡಿಸಿದೆ. ಅಡುಗೆಮನೆಗೆ ಹೋಗಲಿಲ್ಲ. ನನ್ನ ತಟ್ಟೆ ತಂದು ಗಂಡನ ಕುರ್ಚಿಯಲ್ಲಿ ಕೂತೆ. ಅವರು ಕೈ ತೊಳೆದು ಬಂದರು. ನಿಂತರು.

“ಇದೇನಿದು? ಅವನು ಎಲ್ಲಿ ಕೂರಬೇಕು?” ಅತ್ತೆ.

“ರೂಮು ಮುಗೀತಲ್ಲ ಅತ್ತೆ. ಕೂತೆ.”

“ಇರಲಿ ಬಿಡಮ್ಮ” ಅಂದರು ಗಂಡ. “ಐದನೇದು ನಾನೇ ಮಾಡ್ತೀನಿ. ಬರೋ ಭಾನುವಾರ ಶುರು. ಹಂತ ಹಂತವಾಗಿ…” ಅಯ್ಯೋ ದೇವರೇ.

ಆಗ ಪುಟ್ಟಿ ನನ್ನ ತೋಳು ಮುಟ್ಟಿದಳು. “ಅಮ್ಮ, ಏಳು. ಅದು ಅಪ್ಪಂದು. ನಿಂದು ಅಲ್ಲಿದೆ.” ಅಡುಗೆಮನೆಯ ಕಟ್ಟೆ ತೋರಿಸಿದಳು. ಸಿಟ್ಟಿನಿಂದ ಅಲ್ಲ. ದಾರಿ ತಪ್ಪಿದವರಿಗೆ ದಾರಿ ಹೇಳುವ ಹಾಗೆ, ಮೆತ್ತಗೆ.

ಏಳಲಿಲ್ಲ. ಕೂತರೆ ಮೊಣಕೈ ಎಲ್ಲಿಡಬೇಕೆಂಬುದೇ ಮರೆತುಹೋಗಿದೆ. ಆದರೂ ಕೂತು ಪೂರ್ತಿ ಉಂಡೆ. ಗಂಡ ಗೋಡೆಗೆ ಒರಗಿ ನಿಂತು ತಿಂದರು. ಗೋಡೆಯ ಬಿಳಿ ಪುಡಿ ಅಂಗಿಗೆ ಮೆತ್ತಿರಬೇಕು. ಮೆತ್ತಲಿ.

ಎಲ್ಲರೂ ಎದ್ದರು. ನಾನು ಇನ್ನೂ ಇಲ್ಲೇ. ಪಾತ್ರೆ ಎತ್ತಿಲ್ಲ. ಅಂಗಡಿಯ ಬ್ಯಾಗಿನಿಂದ ಡೈರಿ ತೆಗೆದು ಇಲ್ಲೇ ಬರೆಯುತ್ತಿದ್ದೇನೆ. ಪುಟ್ಟಿ ಎದುರಿಗೆ ಕೂತಿದ್ದಾಳೆ, ಗಲ್ಲ ಟೇಬಲ್ ಮೇಲೆ ಊರಿ. ನನ್ನ ಮೇಲಿಟ್ಟ ಕಣ್ಣು ತೆಗೆದಿಲ್ಲ.

ಅಡುಗೆಮನೆಗೆ ಹೋದ ಗಂಡ ಏನೋ ಬೀಳಿಸಿದರು.

“ಏ, ಹಾಲು ಉಕ್ತಾ ಇದೆ! ಸ್ಟವ್ ಯಾವ ಕಡೆ ತಿರುಗಿಸ್ಬೇಕೇ?”

ಹೇಳುವುದಿಲ್ಲ. ಅದಕ್ಕೂ ವಿಡಿಯೋ ಇರುತ್ತದೆ, ನೋಡಿಕೊಳ್ಳಲಿ. ಸೀದ ವಾಸನೆ ಬರುತ್ತಿದೆ. ಕಾಲು ತಾನಾಗಿಯೇ ಚಪ್ಪಲಿ ಹುಡುಕುತ್ತಿದೆ, ನಾಚಿಕೆಗೆಟ್ಟದ್ದು. ಅತ್ತೆಯೂ ಕೂಗುತ್ತಿದ್ದಾರೆ. ಪುಟ್ಟಿ ಒಮ್ಮೆ ಅಡುಗೆಮನೆಯ ಕಡೆ, ಒಮ್ಮೆ ನನ್ನ ಕಡೆ ನೋಡುತ್ತಾಳೆ. ಕಾಯುತ್ತಿದ್ದಾಳೆ. ಈಗ ನಾನು ಎದ್ದರೆ ಇವಳು ಆ ಗೊಂಬೆಯನ್ನು ಮತ್ತೆ ಬೀರುವಿಗೇ ಒರಗಿಸುತ್ತಾಳೆ.