ಗುಂಡನ ಟಿಕೆಟ್ ಮಾಡಿಸುವ ಮೊದಲು

ಅಕ್ಕನ ಮನೆಯಿಂದ,
ಮಾರ್ಚ್ ೧೮, ಮಂಗಳವಾರ ಬೆಳಗ್ಗೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಎಡಗೈ ಮಣಿಕಟ್ಟಿನ ನೋವು ಇಳಿಯಿತೇ? ಗೇರ್ ಹಾಕುವಾಗ ಹಿಡಿದುಕೊಳ್ಳುತ್ತದೆ ಎಂದಿದ್ದೆಯಲ್ಲ. ಬಿಸಿನೀರಿನ ಶಾಖ ಕೊಟ್ಟುಕೊಳ್ಳದೆ ಹಾಗೇ ಬಿಟ್ಟಿರುತ್ತೀಯ, ನನಗೆ ಗೊತ್ತು. ಶಾಲೆಯ ವ್ಯಾನಿನಲ್ಲಿ ಮಕ್ಕಳೆಲ್ಲ ನಿನ್ನನ್ನು ‘ಡ್ರೈವರಮ್ಮ’ ಎಂದು ಕರೆಯುತ್ತಾರೆಂದು ಅಪ್ಪ ಹೇಳಿದಾಗಿನಿಂದ ಇಲ್ಲಿ ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಂಡಿದ್ದೇನೆ.

ನಾನು ಚೆನ್ನಾಗಿದ್ದೇನೆ, ಆದರೆ ಕಾಲು ಒಂದು ಕಡೆ ನಿಲ್ಲುತ್ತಿಲ್ಲ. ಅಕ್ಕನ ಬಾಣಂತನ ಮುಗಿಸಿ ಬರುತ್ತೇನೆಂದು ಬಂದವಳು ವರ್ಷ ಕಳೆದೆ. ಈ ಶನಿವಾರ ವಿಮಾನ. ಸೂಟ್‌ಕೇಸು ತುಂಬುತ್ತೇನೆ, ಮತ್ತೆ ಎಲ್ಲ ತೆಗೆದು ಹಾಸಿಗೆಯ ಮೇಲೆ ಸುರಿಯುತ್ತೇನೆ. ಕೆಳಗಿನ ಅಂಗಡಿಗೆ ಹಾಲು ತರಲು ಹೋಗಿ ಬ್ರೆಡ್ ತಂದೆ. ಅಕ್ಕ ರಾತ್ರಿ ಪಾಳಿ ಮುಗಿಸಿ ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಈ ಮನೆಯಲ್ಲಿ ಬಚ್ಚಲಲ್ಲಿ ಕೆಮ್ಮಿದರೂ ಎಲ್ಲರಿಗೂ ಕೇಳುತ್ತದೆ, ಫೋನಿನಲ್ಲಿ ಮಾತಾಡುವಂತಿಲ್ಲ. ಅದಕ್ಕೇ ಬರೆದು, ಫೋಟೊ ತೆಗೆದು ಕಳಿಸುತ್ತಿದ್ದೇನೆ.

ವಿಷಯ ಇದು. ನನ್ನ ಜೊತೆ ಮಗು ಗುಂಡನನ್ನೂ ಕಳಿಸುವುದೆಂದು ಅಕ್ಕ ತೀರ್ಮಾನಿಸಿದ್ದಾಳೆ. ಅವನು ಶಾಲೆಗೆ ಸೇರುವವರೆಗೂ ನಿನ್ನ ಹತ್ತಿರ. ಅವಳ ಕಷ್ಟ ಸುಳ್ಳಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಒಂದು ವಾರ ಹಗಲು, ಒಂದು ವಾರ ರಾತ್ರಿ. ಭಾವನದು ಗೋದಾಮಿನಲ್ಲಿ ಮಧ್ಯಾಹ್ನದ ಪಾಳಿ, ಮನೆ ಸೇರುವಾಗ ರಾತ್ರಿಯಾಗಿರುತ್ತದೆ. ಶಿಶುವಿಹಾರ ಸಂಜೆಗೇ ಮುಚ್ಚುತ್ತದೆ. ನಿನ್ನೆ ಅವನ ಸ್ವೆಟರುಗಳನ್ನು ನನ್ನ ಸೂಟ್‌ಕೇಸಿನಲ್ಲಿ ಜೋಡಿಸುತ್ತಾ ಒಂದೊಂದನ್ನೂ ಮೂಸುತ್ತಿದ್ದಳು. ನಾನು ನೋಡಿದ್ದು ಗೊತ್ತಾಗಿ, ‘ಒಗ್ದಿದೆಯೋ ಇಲ್ವೋ ಅಂತ ನೋಡ್ದೆ ಕಣೇ’ ಎಂದಳು.

ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. ‘ಅಮ್ಮನ್ನ ಕೇಳಿದ್ಯಾ?’ ಎಂದೆ. ‘ಕೇಳೋದೇನಿದೆ? ಮೊಮ್ಮಗನ್ನ ಬೇಡ ಅಂತಾಳಾ?’ ‘ಮತ್ತೆ ಅವಳ ವ್ಯಾನ್?’ ಎಂದೆ. ‘ಅದೇನು ಹೊಟ್ಟೆಪಾಡಾ? ಹೊತ್ತು ಹೋಗ್ಲಿ ಅಂತ ಓಡಿಸ್ತಿದಾಳೆ.’ ಅಮ್ಮಾ, ನನಗೆ ಮೈಯೆಲ್ಲ ಉರಿದುಹೋಯಿತು. ಮೈದಾನದ ತುಂಬ ಗಂಡಸರು ನಿಂತು ನಗುತ್ತಿದ್ದಾಗ ಹಲ್ಲು ಕಚ್ಚಿ ರಿವರ್ಸ್ ಕಲಿತವಳು ನೀನು. ಮಗು ಸಾಕುವುದೂ ದುಡಿಮೆಯೇ, ಅದಕ್ಕೆ ಪ್ರೀತಿಯ ಹೆಸರಿಟ್ಟು ಕೇಳದೆಯೇ ಕಿತ್ತುಕೊಳ್ಳುವುದು ಅನ್ಯಾಯ ಎಂದೆ. ಅಕ್ಕ ಭಾವನ ಕಡೆ ತಿರುಗಿ, ‘ನೋಡಿ, ಎಂಟು ಪುಟದ ಪುಸ್ತಕ ಓದಿ ಎಂಬತ್ತು ಪುಟ ಮಾತಾಡ್ತಾಳೆ’ ಎಂದಳು. ಓದುತ್ತೇನೆ. ಹೆಣ್ಣುಮಕ್ಕಳ ಹಕ್ಕಿನ ಆ ಕಿರುಪುಸ್ತಕಗಳನ್ನು ಬಿಟ್ಟರೆ ನನಗೆ ಬೇರೆ ಕಾಲೇಜು ಎಲ್ಲಿತ್ತು? ಅವುಗಳಲ್ಲಿ ಬರೆದದ್ದು ಸುಳ್ಳಾಗಿದ್ದರೆ ಅಕ್ಕ ಅಷ್ಟು ಬೇಗ ಮುಖ ತಿರುಗಿಸುತ್ತಿರಲಿಲ್ಲ. ‘ಭಾವಾ, ನೀವು ಬೆಳಗಿನ ಪಾಳಿ ಕೇಳ್ಬಾರ್ದಾ?’ ಎಂದೆ. ಅವರು ತೊಳೆದಿಟ್ಟ ಹಾಲಿನ ಬಾಟಲಿಯನ್ನೇ ಎತ್ತಿಕೊಂಡು ಮತ್ತೆ ತೊಳೆದರು.

ಹಾಗೆಂದು ಗುಂಡನನ್ನು ಬಿಟ್ಟು ಬರುವುದು ನನಗೆ ಸುಲಭವೆಂದುಕೊಳ್ಳಬೇಡ. ನನ್ನ ಹೆಗಲಿನ ಮೇಲಲ್ಲದೆ ಅವನಿಗೆ ನಿದ್ದೆ ಹತ್ತುವುದಿಲ್ಲ. ಅವನು ಬಂದರೆ ಎಲ್ಲರಿಗಿಂತ ಹೆಚ್ಚು ಸಂತೋಷ ನನಗೇ. ನ್ಯಾಯ ಒಂದು ಕಡೆ ಎಳೆಯುತ್ತದೆ, ಆ ಪುಟ್ಟ ಕೈ ಇನ್ನೊಂದು ಕಡೆ. ಅದಕ್ಕೇ ಈ ಚಡಪಡಿಕೆ.

ಅಪ್ಪನಿಗೆ ನನ್ನ ನಮಸ್ಕಾರ ಹೇಳು. ಕೈಗೆ ಶಾಖ ಕೊಡುವುದನ್ನು ತಪ್ಪಿಸಬೇಡ.

ನಿನ್ನ ಜಗಳಗಂಟಿ
ಕಿರಿಮಗಳು

ತಾ.ಕ.: ಈಗಷ್ಟೇ ಭಾವ ಮೆಲ್ಲಗೆ ಬಂದು ಬಾಗಿಲು ಹಾಕಿ, ‘ಬೆಳಗಿನ ಪಾಳಿ ಕೇಳ್ದೆ ಕಣಮ್ಮ, ಕೊಡ್ತಾರಂತೆ. ಇವಳಿಗೆ ಹೇಳಿದ್ರೆ ಮಗು ನೋಡ್ಕೊಳ್ಳೋದು ನಿಮಗೆಲ್ಲಿ ಬರುತ್ತೆ ಅಂತಾಳೆ. ಅತ್ತೆನೇ ಒಂದು ಮಾತು ಬೇಡ ಅಂದ್ಬಿಟ್ರೆ…’ ಎಂದು ಅರ್ಧಕ್ಕೇ ನಿಲ್ಲಿಸಿ ಹೋದರು. ಗುಂಡನ ಟಿಕೆಟ್ ನಾಳೆ ಮಾಡಿಸುತ್ತಾರೆ. ಇವತ್ತು ಸಂಜೆ ಅಕ್ಕ ನಿನಗೆ ಫೋನ್ ಮಾಡಿ, ಅವನನ್ನೇ ಮುಂದೆ ಕೂರಿಸಿ ‘ಅಜ್ಜಿ’ ಅನ್ನಿಸುತ್ತಾಳೆ. ಅವನನ್ನು ಸಾಕುವ ಆಸೆ ನಿನಗೆ ನಿಜವಾಗಿ ಇದ್ದರೆ ಹೂಂ ಅನ್ನು, ನನ್ನ ಪುಸ್ತಕಗಳ ಮುಖ ನೋಡಬೇಡ. ಬೇಡವೆನ್ನಿಸಿದರೆ ಮಂಡಿ ನೋವು, ಅಪ್ಪನ ಬಿಪಿ ಎಂದು ನೆಪ ಮಾತ್ರ ಹೇಳಬೇಡ. ನೆಪ ಹೇಳಿದರೆ ಅಕ್ಕ ಅದಕ್ಕೂ ನನ್ನ ಕೈಯಲ್ಲೇ ಔಷಧಿ ಕಳಿಸುತ್ತಾಳೆ. ‘ನನಗೆ ಕೆಲಸ ಇದೆ’ ಅನ್ನು, ಅಷ್ಟು ಸಾಕು.