ನೀಲಿ ಕುರ್ಚಿಯ ಮೇಲೆ ಕೂತ ತಾಯಿಗೆ

ಗಾಳಿಯೂರು, ಕಪ್ಪತಗುಡ್ಡ
ಗಾಳಿವರ್ಷ ೧೧೮, ಎರಡನೆಯ ಬಿಸಿಲುಮಾಸ, ತಾರೀಖು ೩೭

ಅಕ್ಕಾ,

ಮೇಲಿನ ತಾರೀಖನ್ನು ನೋಡಿ ಗಾಬರಿಯಾಗಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ಹಲ್ಲುದುರಿ ಮುದುಕರಾದ ಮೇಲೂ ಎಷ್ಟೋ ಕಾಲಕ್ಕೆ ಬರುವ ದಿನ ಇದು. ವಯಸ್ಸಿನ ಪ್ರಕಾರ ನಿಮ್ಮನ್ನು ಅಜ್ಜಿಯ ಅಜ್ಜಿಯ ಅಜ್ಜಿ ಎಂದೇ ಕರೆಯಬೇಕು. ಆದರೆ ನಮ್ಮೂರಿನಲ್ಲಿ ಉಳಿದಿರುವ ನಿಮ್ಮ ಫೋಟೋದಲ್ಲಿ ನೀವು ನನಗಿಂತ ಒಂದೆರಡು ವರ್ಷ ದೊಡ್ಡವರಂತೆ ಕಾಣುತ್ತೀರಿ, ಅದಕ್ಕೇ ಅಕ್ಕಾ ಎಂದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ತಪ್ಪು ತಿಳಿಯಬೇಡಿ. ಮೂರು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲ. ಯಾವ ಮಾತು ವಿಚಿತ್ರ, ಯಾವುದು ಸರಿ ಎಂದು ನನಗೇ ಗೊತ್ತಾಗುತ್ತಿಲ್ಲ.

ನಮ್ಮಲ್ಲಿ ಕೂಸಿಗೆ ನೂರು ದಿನ ತುಂಬಿದ ಮರುದಿನ ತಾಯಿಗೆ ಒಂದು ಹಿಂದೋಲೆ ಬರೆಯುವ ಹಕ್ಕಿದೆ. ಹಿಂದೋಲೆ ಎಂದರೆ ಕಳೆದುಹೋದ ಕಾಲದವರಿಗೆ ಬರೆಯುವ ಓಲೆ. ಅದು ಹೇಗೆ ತಲುಪುತ್ತದೆ ಎಂದು ಕೇಳಬೇಡಿ. ಅಂಚೆಯವಳು ಬಂದು ತೆಗೆದುಕೊಂಡು ಹೋಗುತ್ತಾಳೆ, ನನಗೆ ಗೊತ್ತಿರುವುದು ಅಷ್ಟೇ. ಅದಕ್ಕೆ ಒಂದು ನಿಯಮವಿದೆ: ದೊಡ್ಡ ಸಂಗತಿ ಯಾವುದನ್ನೂ ಬರೆಯುವಂತಿಲ್ಲ, ಮನೆಯ ಸುದ್ದಿ ಮಾತ್ರ. ಎರಡು ಸಣ್ಣ ಮಕ್ಕಳಿರುವ ಮನೆಯಲ್ಲಿ ಬೇರೆ ಸುದ್ದಿ ಎಲ್ಲಿಂದ ಬರಬೇಕು, ಆದ್ದರಿಂದ ನಿಯಮ ಪಾಲಿಸಲು ನನಗೆ ಕಷ್ಟವೇನೂ ಆಗಿಲ್ಲ.

ನನ್ನ ಹೆಸರು ಹುಣಸೆ. ನಗಬೇಡಿ. ನನ್ನ ಗಂಡನ ಹೆಸರು ತಂಬಿಗೆ. ಈಗ ನಗಬಹುದು. ನಮ್ಮೂರಿನಲ್ಲಿ ಕೂಸಿಗೆ ಹೆಸರಿಡುವವರು ಅಪ್ಪ ಅವ್ವ ಅಲ್ಲ, ಅದರ ಮೇಲಿನ ಮಗು. ಮೇಲಿನ ಮಗು ಇಲ್ಲದಿದ್ದರೆ ಪಕ್ಕದ ಮನೆಯ ಅತಿ ಸಣ್ಣ ಮಗು. ಊರು ಕಟ್ಟಿದ ಹೊಸತರಲ್ಲಿ ದೊಡ್ಡವರೆಲ್ಲ ಗಾಳಿಗಂಬ ನೆಡಲು ಗುಡ್ಡ ಹತ್ತುತ್ತಿದ್ದರು. ಮನೆಯಲ್ಲಿ ಕೂಸನ್ನು ನೋಡುತ್ತಿದ್ದದ್ದು, ಅದು ಅತ್ತಾಗ ಕರೆದು ಸಮಾಧಾನ ಮಾಡುತ್ತಿದ್ದದ್ದು ಇನ್ನೊಂದು ಮಗುವೇ. ದಿನವಿಡೀ ಕರೆಯುವವರೇ ಹೆಸರಿಡಲಿ ಎಂದು ಹಿರಿಯರು ತೀರ್ಮಾನಿಸಿದರಂತೆ. ಹೆಸರಿಟ್ಟವರಿಗೂ ಇಡಿಸಿಕೊಂಡವರಿಗೂ ಇರುವ ಸಂಬಂಧವನ್ನು ನಾವು ಕೂಗುನಂಟು ಎನ್ನುತ್ತೇವೆ. ಜೀವಮಾನದಲ್ಲಿ ಏನೇ ಕಷ್ಟ ಬಂದರೂ ಮೊದಲು ಕೂಗುವುದು ಹೆಸರಿಟ್ಟವರನ್ನೇ. ನನ್ನ ಅಣ್ಣ ಮೂರು ವರ್ಷದವನಿದ್ದಾಗ ಬಾಯಲ್ಲಿದ್ದ ಹುಣಸೆಹಣ್ಣನ್ನು ತೆಗೆದು ನನ್ನ ಹೊಟ್ಟೆಯ ಮೇಲೆ ಇಟ್ಟು ನನಗೆ ಹೆಸರು ಕೊಟ್ಟನಂತೆ. ನಲವತ್ತು ಹರದಾರಿ ದೂರದಲ್ಲಿದ್ದರೂ ನನ್ನ ಎರಡೂ ಹೆರಿಗೆಗೆ ಅವನೇ ಮೊದಲು ಬಂದವನು.

ನಮ್ಮ ದೊಡ್ಡ ಮಗಳು ಗಿಲಕಿ. ನೀವು ಗಿಲಿಕೆ ಎನ್ನುತ್ತೀರಲ್ಲ, ಕೂಸುಗಳು ಅಲ್ಲಾಡಿಸುವ ಆಟಿಕೆ, ಅದೇ. ಮೂರು ತುಂಬಲು ಇನ್ನೂ ನಾಲ್ಕು ತಿಂಗಳಿದೆ. ಅವಳ ಕೆಳಗೆ ಈ ಹೊಸ ಕೂಸು, ಹೆಣ್ಣು. ಗಿಲಕಿ ನೂರು ದಿನದೊಳಗೆ ಅದಕ್ಕೆ ಹೆಸರಿಡಬೇಕಿತ್ತು. ಇಡದಿದ್ದರೆ ಊರ ಕಚೇರಿಯವರು ಪಟ್ಟಿಯಲ್ಲಿ ಮುಂದಿರುವ ಹೆಸರನ್ನು ಬರೆದು ಮುಗಿಸುತ್ತಾರೆ. ಪಟ್ಟಿಯ ಹೆಸರಿನವರಿಗೆ ಊಟಕ್ಕೇನೂ ಕಡಿಮೆಯಿಲ್ಲ, ಕೂಗುನಂಟು ಇರುವುದಿಲ್ಲ ಅಷ್ಟೇ. ಆ 'ಅಷ್ಟೇ' ಎಂಬ ಮಾತು ನನ್ನ ಎದೆಯ ಮೇಲೆ ಮೂರು ತಿಂಗಳು ಕೂತಿತ್ತು, ಅಕ್ಕಾ.

ಯಾಕೆಂದರೆ ಗಿಲಕಿಗೆ ಕೂಸು ಬೇಡವಾಗಿತ್ತು. ಮನೆಗೆ ತಂದ ದಿನವೇ ತೊಟ್ಟಿಲಲ್ಲಿ ಇಣುಕಿ ನೋಡಿ, "ಇದನ್ನ ವಾಪಸ್ ಕೊಟ್ ಬಾ" ಎಂದಳು. ತಂಗಿ ಎನ್ನಲಿಲ್ಲ, ಕೂಸು ಎಂದು ಕೂಡ ಎನ್ನಲಿಲ್ಲ. 'ಅದು.' "ಅದು ಅಳಾಕತ್ತೇತಿ." "ಅದು ಹೊಲಸ ಮಾಡೇತಿ." ಮನೆಗೆ ನುಗ್ಗಿದ ಬೀದಿನಾಯಿಯ ಬಗ್ಗೆಯೂ ಇದಕ್ಕಿಂತ ಪ್ರೀತಿಯಿಂದ ಮಾತಾಡುತ್ತಾಳೆ.

ನಮ್ಮ ದಿನ ಹೇಗೆಂದು ಹೇಳಿಬಿಡುತ್ತೇನೆ. ಬಿಸಿಲುಮಾಸದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಹಗಲುಬಾಗಿಲು ಮುಚ್ಚುತ್ತೇವೆ, ತೆರೆಯುವುದು ಸಂಜೆ ಐದಕ್ಕೆ. ಮನೆ ಅರ್ಧ ನೆಲದೊಳಗಿದೆ, ತಂಪಾಗಿದೆ, ಎಲ್ಲ ಸರಿ. ಆದರೆ ಎಂಟು ತಾಸು, ಒಂದು ಕೋಣೆ, ಒಂದು ಕೂಸು, ಒಬ್ಬಳು ಗಿಲಕಿ. ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ, ನಿಮ್ಮ ಫೋಟೋದಲ್ಲಿ ನಿಮ್ಮ ಕೂದಲು ನೋಡಿದ್ದೇನೆ. ತಂಬಿಗೆ ನಸುಕಿನಲ್ಲೇ ಗಾಳಿಗಂಬ ಹತ್ತಿ ರೆಕ್ಕೆಗಳಿಗೆ ಎಣ್ಣೆ ಬಿಟ್ಟು ಬಾಗಿಲು ಮುಚ್ಚುವ ಹೊತ್ತಿಗೆ ಓಡಿ ಬರುತ್ತಾನೆ. ಆಮೇಲೆ ಅವನು ರೊಟ್ಟಿ ಬಡಿಯುತ್ತಾನೆ, ನಾನು ಹಾಲೂಡುತ್ತೇನೆ. ರೊಟ್ಟಿ ಇನ್ನೂ ಇದೆ, ಚಿಂತೆ ಮಾಡಬೇಡಿ. ಎಣ್ಣೆಗಾಯಿಯೂ ಇದೆ. ಗಿಲಕಿ ತನ್ನ ಪಾಲಿನ ರೊಟ್ಟಿಯನ್ನು ಚೂರು ಮಾಡಿ ಒಂದನ್ನು ತಿಂದು, ಒಂದನ್ನು ನೀರಿನ ಕೊಡಕ್ಕೆ ಹಾಕಿ, ಒಂದನ್ನು ಕೂಸಿನ ಕಿವಿಯೊಳಗೆ ಇಡಲು ನೋಡುತ್ತಾಳೆ. ತೊಟ್ಟಿಲು ಗಾಳಿತೊಟ್ಟಿಲು, ಮೇಲಿನ ಕಂಬಕ್ಕೆ ಹಗ್ಗ ಕಟ್ಟಿದೆ, ಗಾಳಿ ಬೀಸಿದರೆ ತಾನೇ ತೂಗುತ್ತದೆ. ಇದನ್ನು ಕಂಡುಹಿಡಿದ ಮಹಾನುಭಾವ ಎಂದೂ ಕೂಸನ್ನು ಮಲಗಿಸಿದವನಲ್ಲ. ಕೂಸಿಗೆ ಇನ್ನೇನು ಕಣ್ಣು ಹತ್ತಿತು ಎನ್ನುವಾಗಲೇ ಗಾಳಿ ನಿಲ್ಲುತ್ತದೆ. ಲಂಗೋಟಿಗಳನ್ನು ಮಾತ್ರ ಚಾವಣಿಯ ಬಿಸಿಲುಗೂಡಿಗೆ ಹಾಕಿಬಿಟ್ಟರೆ ಅರ್ಧ ತಾಸಿನಲ್ಲಿ ಒಣಗಿ ಹಪ್ಪಳದಂತಾಗುತ್ತವೆ. ಈ ಒಂದು ಸುಖ ನಿಮಗಿಲ್ಲವಲ್ಲ ಎಂದು ಕೆಲವೊಮ್ಮೆ ಅನಿಸುತ್ತದೆ.

ಗಿಲಕಿಗೆ ಜಗತ್ತಿನಲ್ಲಿ ಪ್ರೀತಿಯದೊಂದು ವಸ್ತುವಿದೆ: ಕೌದಿ. ನನ್ನವ್ವ ಹಳೆಯ ಸೀರೆ ಚೂರುಗಳನ್ನು ಕೂಡಿಸಿ ಹೊಲಿದದ್ದು, ಅಂಚು ಹರಿದಿದೆ, ಬಣ್ಣ ಯಾವುದೆಂದು ಹೇಳಲು ಬರುವುದಿಲ್ಲ. ಅದನ್ನು ಎಳೆದುಕೊಂಡೇ ಓಡಾಡುತ್ತಾಳೆ, ಒಗೆಯಲೂ ಕೊಡುವುದಿಲ್ಲ. ಹದಿನೆಂಟನೆಯ ದಿನ ನಾನು ಕೈ ಖಾಲಿಯಿಲ್ಲದೆ ಕೂಸನ್ನು ಒಂದು ಗಳಿಗೆ ಆ ಕೌದಿಯ ಮೇಲೆ ಮಲಗಿಸಿದೆ. ಗಿಲಕಿ ಹಗಲುಬಾಗಿಲು ತೆರೆಯುವ ತನಕ ಅತ್ತಳು. ಪಕ್ಕದ ಮನೆಯವರು ಗೋಡೆ ತಟ್ಟಿ ಏನಾಯಿತೆಂದು ಕೇಳಿದರು. ಆ ಸಂಜೆ ತಂಬಿಗೆಯ ಹೆಗಲಿಗೆ ಒರಗಿ ನಾನೂ ಅತ್ತೆ. ಇವಳು ಆ ಕೂಸನ್ನು ಎಂದಾದರೂ ತನ್ನದು ಅಂದುಕೊಳ್ಳುತ್ತಾಳೆಯೇ ಎಂಬ ಹೆದರಿಕೆ ನನಗೆ ಅಂದು ಹತ್ತಿಕೊಂಡಿತು.

ಹೆದರಿಕೆಯಲ್ಲಿ ಒಂದು ತಪ್ಪು ಮಾಡಿದೆ. ಮಗುವಿಗೆ ಹೆಸರು ಹೇಳಿಕೊಡಬಾರದು, ಅದು ನಮ್ಮಲ್ಲಿ ಕಟ್ಟುನಿಟ್ಟು. ನಾನು ಹೇಳಿಕೊಟ್ಟೆ. ತೀರಿಹೋದ ನನ್ನವ್ವನ ಹೆಸರು ತಾವರೆ. ಹನ್ನೆರಡು ದಿನ, ಗಂಡನಿಗೂ ತಿಳಿಯದಂತೆ, ಒಂದೊಂದು ಚೂರು ಬೆಲ್ಲ ಕೊಟ್ಟು, ಕೂಸನ್ನು ತೋರಿಸಿ "ತಾವರೆ" ಎಂದು ಹೇಳಿಸಿದೆ. ಬೆಲ್ಲ ಇರುವಷ್ಟು ಹೊತ್ತು ಚೆನ್ನಾಗಿ ಹೇಳಿದಳು. ತೊಂಬತ್ತನೆಯ ದಿನ ಒನಕೆಜ್ಜಿ ಬಂದರು. ಹೆಸರಿಡುವ ದಿನ ಮುಂದೆ ನಿಂತು ನಡೆಸಿಕೊಡುವ ಹಿರಿಯರು ಅವರು, ಎಂಬತ್ತು ದಾಟಿದೆ, ಹೆಸರಿನ ಹಾಗೆಯೇ ನೆಟ್ಟಗಿದ್ದಾರೆ. "ಏನವಾ ಗಿಲಕಿ, ಹೆಸರು ಹುಡುಕಿಯೇನು?" ಎಂದು ಕೇಳಿದರು. ಗಿಲಕಿ ಅವರ ಕೈ ಹಿಡಿದು ಎಳೆದುಕೊಂಡು ಹೋಗಿ, ಮೂಲೆಯಲ್ಲಿದ್ದ ತನ್ನ ಕಕ್ಕಸಿನ ಕುರ್ಚಿಯನ್ನು ತೋರಿಸಿ, "ಇದು ತಾವರಿ" ಎಂದಳು.

ಒನಕೆಜ್ಜಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. "ಕಲಿಸಿದ ಹೆಸರು ಕೂಸಿಗೆ ಹತ್ತಂಗಿಲ್ಲವಾ ಹುಣಸಿ. ಅದು ಹೇಳೂತನಕ ಸುಮ್ಮ ಕಾಯಬೇಕು," ಎಂದು ಹೇಳಿ, ಉಳಿದ ಬೆಲ್ಲವನ್ನು ತಾವೇ ಬಾಯಿಗೆ ಹಾಕಿಕೊಂಡು ಹೋದರು. ಆ ಕುರ್ಚಿಗೆ ಆ ಹೆಸರು ಇವತ್ತಿಗೂ ಇದೆ. ದಿನಕ್ಕೆ ಎರಡು ಸಲ ಗಿಲಕಿ "ತಾವರಿ! ತಾವರಿ!" ಎಂದು ಕೂಗಿಕೊಂಡು ಓಡುತ್ತಾಳೆ. ನನ್ನವ್ವ ಬದುಕಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ನಿಮ್ಮ ಮಾತು ಬರುವುದು ಇಲ್ಲಿ. ಮಾಡುವುದಕ್ಕೆ ಇನ್ನೇನೂ ಉಳಿಯದೆ, ತೊಂಬತ್ತೇಳನೆಯ ದಿನ ಬೆಳಿಗ್ಗೆ ಇಬ್ಬರನ್ನೂ ಕರೆದುಕೊಂಡು ಊರಿನ ಹಳೆಗೋಣೆಗೆ ಹೋದೆ. ಹಳೆಗೋಣೆಯೆಂದರೆ ನಿಮ್ಮ ಕಾಲದಿಂದ ಉಳಿದುಬಂದ ಸಾಮಾನು ಇಟ್ಟಿರುವ ಜಾಗ. ನಿಮ್ಮವರು ದಿನಕ್ಕೆ ನೂರು ಫೋಟೋ ತೆಗೆಯುತ್ತಿದ್ದರಂತೆ. ನಮ್ಮೂರಿಗೆ ಉಳಿದದ್ದು ಕಾಗದದ ಮೇಲಿದ್ದ ಒಂದೇ ಒಂದು. ಅದರಲ್ಲಿ ನೀವು ನೀಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೀರಿ. ಹೆಗಲ ಮೇಲೆ ಕೂಸು ಕಕ್ಕಿದ ಕಲೆ. ತೊಡೆಯ ಮೇಲೆ ಆ ಕೂಸು. ಪಕ್ಕದಲ್ಲಿ ನಿಮ್ಮ ದೊಡ್ಡವಳು ಒಂದು ಕೈಯಲ್ಲಿ ನಿಮ್ಮ ನೈಟಿ ಜಗ್ಗುತ್ತಾ, ಇನ್ನೊಂದು ಕೈಯಿಂದ ಕೂಸಿನ ತಲೆಯ ಮೇಲೆ ಬಿಸ್ಕೀಟು ಇಡುತ್ತಿದ್ದಾಳೆ. ನೀವು ಬಾಯಿ ತುಂಬ ನಗುತ್ತಿದ್ದೀರಿ. ಕೆಳಗೆ ಫಲಕದಲ್ಲಿ ಬರೆದಿದೆ: ತಾಯಿ, ಇಬ್ಬರು ಮಕ್ಕಳು, ಹೆಸರು ತಿಳಿದಿಲ್ಲ.

ಗಿಲಕಿ ಗಾಜಿಗೆ ಮೂಗು ಒತ್ತಿ ಬಹಳ ಹೊತ್ತು ನೋಡಿದಳು. ಬಿಸ್ಕೀಟು ಕಂಡು ನಕ್ಕಳು. ಆಮೇಲೆ ನಿಮ್ಮ ಕೂಸಿನ ಮೇಲೆ ಬೆರಳಿಟ್ಟು, "ಇದಕ್ಕ ಏನಂತಾರ?" ಎಂದು ಕೇಳಿದಳು. ಗೊತ್ತಿಲ್ಲವಾ, ಹೆಸರು ಇತ್ತು, ಯಾರೂ ಬರೆದಿಡಲಿಲ್ಲ ಎಂದೆ. ಅವಳು ಬೆರಳು ತೆಗೆಯದೆ, "ಅದು ಅತ್ರ ಏನಂತ ಕರಿಯೂದು?" ಎಂದಳು. ಅಷ್ಟರಲ್ಲಿ ಹಗಲುಬಾಗಿಲಿನ ಗಂಟೆ ಹೊಡೆಯಿತು, ಓಡಿ ಮನೆಗೆ ಬಂದೆವು.

ನಿನ್ನೆ ನೂರನೆಯ ದಿನ. ಸಂಜೆ ನೆರಳುಬೀದಿಯಲ್ಲಿ ಊರೆಲ್ಲ ಸೇರಿತ್ತು. ಮೂಲೆಯಲ್ಲಿ ಕಚೇರಿಯವರು ಪಟ್ಟಿ ಹಿಡಿದು ಕೂತಿದ್ದರು. ಒನಕೆಜ್ಜಿ ಕೂಸನ್ನು ಚಾಪೆಯ ಮೇಲೆ ಮಲಗಿಸಿ ಗಿಲಕಿಯನ್ನು ಕರೆದರು. ಕೌದಿ ಎಳೆದುಕೊಂಡು ಬಂದಳು. "ಹೆಸರು ಹೇಳವಾ," ಎಂದರು. "ಬ್ಯಾಡ," ಎಂದಳು. ಎರಡನೆಯ ಸಲ ಕೇಳಿದರು. "ಬ್ಯಾಡಂದ್ರ ಬ್ಯಾಡ." ಮೂರೇ ಸಲ ಕೇಳುವುದು. ಕಚೇರಿಯವರು ಪೆನ್ನಿನ ಮುಚ್ಚಳ ತೆಗೆದದ್ದು ನನಗೆ ಕಾಣಿಸಿತು, ತಂಬಿಗೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಅಷ್ಟರಲ್ಲಿ ಕೂಸು, ಅಷ್ಟೊಂದು ಮುಖಗಳನ್ನು ಕಂಡೋ ಏನೋ, ತುಟಿ ಸೊಟ್ಟ ಮಾಡಿ ಅಳಲು ಶುರುಮಾಡಿತು. ನಾನು ಎದ್ದೆ. ಒನಕೆಜ್ಜಿ ಕೈ ಅಡ್ಡ ಹಿಡಿದರು.

ಗಿಲಕಿ ಕೂಸನ್ನು ನೋಡಿದಳು. ಸುತ್ತ ನೋಡಿದಳು, ಯಾರಾದರೂ ಕರೆಯುತ್ತಾರೇನೋ ಎಂಬಂತೆ. ಯಾರೂ ಕರೆಯಲಿಲ್ಲ, ಕರೆಯಲು ಹೆಸರೇ ಇರಲಿಲ್ಲ. ಆಗ ಅವಳು ಕೌದಿಯನ್ನು ಎರಡೂ ಕೈಯಿಂದ ಎತ್ತಿ, ಎಡವುತ್ತಾ ಹೋಗಿ, ಕೂಸಿನ ಮೇಲೆ ಮುಖ ಸಮೇತ ಮುಚ್ಚಿಬಿಟ್ಟಳು. ಆಮೇಲೆ ಮುಖದ ಮೇಲಿಂದ ಸ್ವಲ್ಪ ಸರಿಸಿ, ಬಗ್ಗಿ, "ಅಳಬ್ಯಾಡ ಕೌದಿ," ಎಂದಳು. "ಕೌದಿ, ಕೌದಿ, ನಾ ಅದೀನಿ."

ಒನಕೆಜ್ಜಿ, "ಹೆಸರಾತು!" ಎಂದು ಕೂಗಿದರು. ಊರು ಚಪ್ಪಾಳೆ ತಟ್ಟಿತು. ನಾನು ಅಳುತ್ತಾ ನಗುತ್ತಾ ಏನು ಮಾಡಿದೆನೋ ನೆನಪಿಲ್ಲ. ಕೂಸು ಅಳು ನಿಲ್ಲಿಸಿ ಅಕ್ಕನನ್ನೇ ನೋಡುತ್ತಿತ್ತು. ಚಪ್ಪಾಳೆ ಮುಗಿಯುತ್ತಿದ್ದಂತೆ ಗಿಲಕಿ ಕೌದಿಯನ್ನು ಸರಕ್ಕನೆ ಎಳೆದುಕೊಂಡು ಎದೆಗೆ ಒತ್ತಿಕೊಂಡಳು. "ಹೆಸರಷ್ಟ ತಂಗೀಗೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು, "ಕೌದಿ ನಂದು." ಕೌದಿ ಅವಳದೇ ಇರಲಿ, ನೂರು ವರ್ಷ ಇರಲಿ. ತಂಗಿ ಎಂಬ ಮಾತನ್ನು ಅವಳು ಆಡಿದ್ದು ಅದೇ ಮೊದಲು.

ಇವತ್ತು ಬೆಳಿಗ್ಗೆ ಎದ್ದವಳೇ ಹಳೆಗೋಣೆಗೆ ಹೋಗೋಣ ಎಂದು ಹಟ ಹಿಡಿದಳು. ಹೋದೆವು. ನಿಮ್ಮ ಕೂಸಿಗೆ ಇನ್ನೂ ಹೆಸರಿಲ್ಲವೆಂದು ಅವಳಿಗೆ ಬೇಜಾರಂತೆ. ಒಂದು ಹೆಸರಿಟ್ಟ ಧೈರ್ಯದಲ್ಲಿ ಅದಕ್ಕೂ ಇಟ್ಟುಬಿಟ್ಟಳು: ಬಿಸ್ಕೀಟು. ನಿಮಗೆ ಕುರ್ಚೆವ್ವ. ಮಗು ಇಟ್ಟ ಹೆಸರನ್ನು ಬರೆದುಕೊಳ್ಳದೆ ಬಿಡುವಂತಿಲ್ಲ. ಕೋಣೆ ನೋಡಿಕೊಳ್ಳುವವರನ್ನು ಬೇಡಿಕೊಂಡು ಫಲಕದ ಮೇಲೆ ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆಸಿದ್ದೇನೆ.

ಆದ್ದರಿಂದ ನನ್ನದೊಂದು ಕೋರಿಕೆ, ಅಕ್ಕಾ. ಆ ಫೋಟೋ ನಿಮ್ಮ ಮನೆಯಲ್ಲಿ ಎಲ್ಲೋ ಇದೆ. ಕಪಾಟಿನಲ್ಲಿ ಸೀರೆಗಳ ಕೆಳಗೋ, ಗ್ಯಾಸಿನ ಪುಸ್ತಕದೊಳಗೋ ನೋಡಿ. ಈಗಲೇ ಹುಡುಕಿ, ಕೂಸು ಏಳುವುದರೊಳಗೆ. ಅದರ ಹಿಂದೆ ಒಳ್ಳೆಯ ಪೆನ್ನಿನಿಂದ ಮೂವರ ಹೆಸರನ್ನೂ ಬರೆಯಿರಿ. ಬರೆಯದಿದ್ದರೆ ಪೆನ್ಸಿಲನ್ನು ತಿದ್ದಿ ಶಾಯಿ ಮಾಡುತ್ತಾರೆ, ಆಮೇಲೆ ಕುರ್ಚೆವ್ವ ಎಂದು ನೂರಾರು ವರ್ಷ ಕರೆಸಿಕೊಂಡದ್ದಕ್ಕೆ ನನ್ನನ್ನು ಬೈಯಬೇಡಿ.

ನಾಳೆ ಹಗಲುಬಾಗಿಲು ಮುಚ್ಚುವ ಮುಂಚೆ ಗಿಲಕಿಯನ್ನೂ ಕೌದಿಯನ್ನೂ ಕರೆದುಕೊಂಡು ಹೋಗಿ ಫಲಕ ನೋಡುತ್ತೇನೆ. ನೀವು ಬರೆದ ಹೆಸರುಗಳು ಅದರಲ್ಲಿ ಬಂದಿದ್ದರೆ ಗಿಲಕಿಯ ಬಾಯಿಂದಲೇ ಗಟ್ಟಿಯಾಗಿ ಕೂಗಿಸುತ್ತೇನೆ. ನಿಮ್ಮ ಕೂಸನ್ನು ಯಾರಾದರೂ ಹೆಸರು ಹಿಡಿದು ಕರೆದು ಬಹಳ ಕಾಲವಾಯಿತು.

ಇಂತಿ ನಿಮ್ಮ,
ಹುಣಸೆ
(ಗಿಲಕಿ ಮತ್ತು ಕೌದಿಯ ಅವ್ವ)