ಟ್ರಿಪ್ ಒಂದರ ಸೊನ್ನೆ

ಮಾರ್ಚ್ 3, ಮಧ್ಯಾಹ್ನ
ಕಂಪ್ಯೂಟರಿನಲ್ಲಿ ಕಟ್ಟುತ್ತಿರುವ ಲೆಕ್ಕದ ಮಾಡೆಲ್ ಮತ್ತೆ ಕೈಕೊಟ್ಟಿತು. ಟಿಕೆಟ್ ದರ ಏರಿಸಿದರೆ ಪ್ರಯಾಣಿಕರೂ ಏರುತ್ತಿದ್ದಾರೆ. ಎಲ್ಲೋ ಒಂದು ಮೈನಸ್ ಬಿಟ್ಟಿದ್ದೇನೆ. ವಿಭಾಗದ ಮೇಡಂ ಬೆನ್ನ ಹಿಂದೆ ಬಂದು ನಿಂತರು.

"ಒಳ್ಳೇ ಊರು ಕಣಮ್ಮ ಇದು. ರೇಟ್ ಏರಿಸಿದಷ್ಟೂ ಜನ ಓಡೋಡಿ ಬರ್ತಾರೆ. ನಂಗೂ ಅಲ್ಲಿಗೇ ಟ್ರಾನ್ಸ್‌ಫರ್ ಕೊಡ್ಸು."

ಬಸ್ ಸಂಸ್ಥೆಯ ಈ ಕಚೇರಿ ಸೇರಿ ಐದು ವಾರ. ಯಾವ ಬಸ್ ಟ್ರಿಪ್ ನಿಲ್ಲಿಸಿದರೆ ಎಷ್ಟು ಜನಕ್ಕೆ ತೊಂದರೆ — ಅದನ್ನು ಹೇಳುವ ಮಾಡೆಲ್ ಕಟ್ಟಬೇಕು. ಸರಿಹೋದರೆ ಕೆಲಸ ಖಾಯಂ.

ಮಾರ್ಚ್ 4
ಮೈನಸ್ಸೇ.

ಮಾರ್ಚ್ 9
ಮೇಡಂ ಪಾಠ. "ಮಾಡೆಲ್ ಅಂದ್ರೆ 'ಹೀಗಾದ್ರೆ ಏನಾಗತ್ತೆ' ಅನ್ನೋ ಪ್ರಶ್ನೆ, ಅಷ್ಟೇ. ಏನೇನು ಊಹೆ ಮಾಡ್ಕೊಂಡಿದೀಯ, ಮೊದಲು ಬರೆದಿಡು."

ಬರೆದೆ. ಒಂದು ಪುಟ. ಹನ್ನೊಂದನೆಯದು: ಬಸ್ ಹತ್ತುವವರನ್ನು ಎಣಿಸಿದ ಸಮೀಕ್ಷೆಯ ಹಾಳೆಯಲ್ಲಿ ಖಾಲಿ ಬಿಟ್ಟ ಕಡೆ ಸೊನ್ನೆ ಎಂದು ತಿಳಿಯುವುದು. ಮೇಡಂ ಓದಿ ರುಜು ಹಾಕಿದರು. ಆಮೇಲೆ ಕಾಫಿ.

ಮಾರ್ಚ್ 16
ಉತ್ತರ ಬಂತು. ಆರು ಟ್ರಿಪ್ ನಿಲ್ಲಿಸಬಹುದು. ಪಟ್ಟಿಯ ತಲೆಯಲ್ಲಿ ಟ್ರಿಪ್ ಒಂದು. ಹತ್ತುವವರು ಸೊನ್ನೆ, ತೊಂದರೆ ಸೊನ್ನೆ. ಖುಷಿಯಾಯಿತು. ಸುಳ್ಳೇಕೆ, ತುಂಬಾ ಖುಷಿಯಾಯಿತು. ವರದಿ ಮೇಲಿನ ಸಾಹೇಬರಿಗೆ ಹೋಯಿತು.

ಮಾರ್ಚ್ 22, ಸಂಜೆ
ಅಕ್ಕ ಕೆಲಸ ಮುಗಿಸಿ ಬಂದಳು. ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ವಿಭಾಗ, ಬೆಳಗಿನ ಆರರ ಪಾಳಿ. ಚಪ್ಪಲಿ ಬಿಡುತ್ತಲೇ ಶುರು.

"ಸ್ಟಾಪಲ್ಲಿ ನೋಟಿಸ್ ಅಂಟಿಸಿದಾರೆ ಕಣೇ. ಐದೂ ಹತ್ತರ ಬಸ್ಸು ಒಂದನೇ ತಾರೀಖಿಂದ ಇಲ್ವಂತೆ. ಯಾರೂ ಹತ್ತಲ್ಲ ಅಂತ. ದಿನಾ ನಿಂತ್ಕೊಂಡೇ ಹೋಗ್ತೀನಲ್ಲ, ನಾನೇನು ದೆವ್ವಾನಾ?"

ಮೂರು ದಿನ ತಡವಾದರೆ ಅವಳ ಜಾಗಕ್ಕೆ ಬೇರೆಯವರು. ಮುಂದಿನ ಬಸ್ಸು ಆರೂವರೆಗೆ.

ಅವಳು ಹೊರಡುವಾಗ ನಾನು ನಿದ್ದೆಯಲ್ಲಿರುತ್ತೇನೆ. ಯಾವ ಬಸ್ಸು ಎಂದು ಕೇಳಿಯೇ ಇಲ್ಲ. ಮಾಡೆಲ್‌ನಲ್ಲಿ ಬಸ್ಸುಗಳಿಗೆ ಹೊತ್ತಿಲ್ಲ, ನಂಬರ್ ಮಾತ್ರ; ದಿನದ ಮೊದಲ ಬಸ್ಸೇ ಟ್ರಿಪ್ ಒಂದು. ವರದಿ ನನ್ನದೆಂದು ಅವಳಿಗೆ ಗೊತ್ತಿಲ್ಲ.

ಮಾರ್ಚ್ 23
ಮೂಲ ಹಾಳೆ ತೆಗೆದೆ. ಟ್ರಿಪ್ ಒಂದು, ಏಳು ದಿನವೂ ಖಾಲಿ. ಸೊನ್ನೆ ಅಲ್ಲ. ಖಾಲಿ. ಸಮೀಕ್ಷೆಯ ಮೇಸ್ತ್ರಿಗೆ ಫೋನ್ ಮಾಡಿದೆ.

"ಎಣಿಸೋರು ಆರಕ್ಕೆ ಶುರು ಮಾಡ್ತಾರಮ್ಮ."

"ಮೊದಲ್ನೇ ಬಸ್ಸು ಯಾಕೆ ಬಿಟ್ರಿ?"

"ಅವ್ರು ಬರೋದೇ ಅದ್ರಲ್ಲಿ. ಇಳಿದ ಮೇಲೆ ತಾನೇ ಎಣಿಸೋದು? ಕೂರೋಕೂ ಜಾಗ ಇರಲ್ಲ ಅಂತ ದಿನಾ ಗೊಣಗ್ತಿದ್ರು, ಪಾಪ."

ನಗು ಬರಬೇಕಿತ್ತು.

ಮಾರ್ಚ್ 24
ಮೇಡಂಗೆ ಹೇಳಿದೆ. ಹನ್ನೊಂದನೇ ಊಹೆಯ ಮೇಲೆ ಬೆರಳಿಟ್ಟರು.

"ರುಜು ನಂದೂ ಇದೆ." ಹಾಳೆ ಮಡಿಸಿಟ್ಟು, "ಅಕ್ಕ ಹೋಗ್ತಾಳೆ ಅಂದ್ರೆ ಸಾಹೇಬ್ರು ಕೇಳಲ್ಲ. ಐದು ದಿನ ನೀನೇ ಎಣಿಸ್ಕೊಂಡು ಬಾ. ತಪ್ಪು ಎಲ್ಲಾಯ್ತು ಅಂತಾನೂ ಬರೀಬೇಕಾಗತ್ತೆ. ನಿನ್ನ ಖಾಯಂ ಫೈಲು ಅವ್ರ ಟೇಬಲ್ ಮೇಲೇ ಇದೆ, ಗೊತ್ತಲ್ಲ?"

ಗೊತ್ತು.

ಮಾರ್ಚ್ 25, ಬೆಳಗ್ಗೆ 5.25
ಬಸ್ಸಿನಲ್ಲಿ. ಬಸ್ಸು ಕುಲುಕುತ್ತಿದೆ, ಅಕ್ಷರ ಸೊಟ್ಟ. ಇದುವರೆಗೆ ನಲವತ್ತೊಂದು. ನನ್ನನ್ನು ಸೇರಿಸಿಲ್ಲ — ಎಣಿಸುವವಳಲ್ಲವೇ... ಸೇರಿಸಿದೆ. ನಲವತ್ತೆರಡು.

ಅಕ್ಕ ಕಂಬಿ ಹಿಡಿದು ಪಕ್ಕದಲ್ಲೇ ನಿಂತಿದ್ದಾಳೆ. ನಾನು ಬಂದದ್ದಕ್ಕೆ ಅವಳಿಗೆ ಹೆಮ್ಮೆ. ಅಕ್ಕಪಕ್ಕದವರಿಗೆಲ್ಲ ಹೇಳಿಯಾಯಿತು, "ನನ್ ತಂಗಿ, ಬಸ್ಸು ಉಳಿಸೋಕೆ ಬಂದಿದಾಳೆ." ಭೂಮಿ ಬಾಯಿಬಿಡಬಾರದೇ ಅನಿಸಿತು. ಈಗ ಬಗ್ಗಿ ಕೇಳುತ್ತಿದ್ದಾಳೆ.

"ಯಾರೇ ಅದು, ನಾವ್ಯಾರೂ ಇಲ್ಲ ಅಂತ ಬರ್ದೋರು?"

ಹೇಳುತ್ತೇನೆ. ಮುಂದಿನ ಸ್ಟಾಪ್ ಆಗಲಿ. ಬಂತು. ಹತ್ತಿದವರು ಆರು, ಇಳಿದವರು ಸೊನ್ನೆ — ಎಣಿಸಿದ ಸೊನ್ನೆ. ಪೆನ್ನು ಮುಚ್ಚಿ ಅವಳ ಕಡೆ ತಿರುಗುತ್ತಿದ್ದೇನೆ.